ಪೋಡಿನವರೂ ಆಸ್ಪತ್ರೆಯೂ

ಬಿಳಿಗಿರಿರಂಗನ ಬೆಟ್ಟದ ಪೋಡುಗಳಲ್ಲಿ (ಹಾಡಿಗಳಲ್ಲಿ) ವಾಸಿಸುವ ಬುಡಕಟ್ಟಿನವರಾದ ಸೋಲಿಗರು ಆಸ್ಪತ್ರೆಗೆ ಬಾರದಿರುವುದಕ್ಕೆ ಅವರ ಮೌಢ್ಯವೇ ಕಾರಣವೆನ್ನುವುದು ಹಲವರಿಗೆ ಅಭ್ಯಾಸವಾಗಿಹೋಗಿದೆ; ಆದರೆ ಬಳಗದ ಹಿರಿಯ ಹೆಂಗಸರ ಆಸರೆಯಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು ಹೆರುವ ರೂಢಿಯುಳ್ಳವಳನ್ನು ಅಪರಿಚಿತರ ನಡುವೆ ಮಂಚದ ಮೇಲೆ ಅಂಗಾತ ಮಲಗಿಸಿ, ಜೊತೆಗೆ ಬಂದವರನ್ನು ಬಾಗಿಲಾಚೆ ನಿಲ್ಲಿಸಿ, ಅವಳ ಮಾತಿನ ರೀತಿಗೆ ನಗುವ ಸ್ಥಳದಲ್ಲಿ ಆಕೆಗೆ ವಿಶ್ವಾಸ ಹುಟ್ಟದಿದ್ದರೆ ಆಶ್ಚರ್ಯಪಡತಕ್ಕದ್ದೇನಿದೆ? ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು 1981ರಲ್ಲಿ ಆ ಬೆಟ್ಟದಲ್ಲಿ ಸ್ಥಾಪಿಸಿದ ಡಾ. ಎಚ್. ಸುದರ್ಶನ್ ಅವರು, ರೋಗಿಗಳು ಬರಲೆಂದು ಕಾದು ಕೂರದೆ ಜನರಿದ್ದೆಡೆಗೆ ತಾವೇ ಹೋಗಿ, ಅವರ ಗಿಡಮೂಲಿಕೆಯ ಜ್ಞಾನವನ್ನು ಹೀಗಳೆಯದೆ ಅದನ್ನು ಗೌರವಿಸಿದುದರಿಂದಲೇ ನಂಬಿಕೆಗೆ ಪಾತ್ರರಾದರು. ಈ ಪಾಠವನ್ನು ಸರ್ಕಾರ ಕಲಿತದ್ದು ಅಲ್ಪ (ಕಲಿಯಲು ಅದಕ್ಕೆ ಪುರಸೊತ್ತಾದರೂ ಎಲ್ಲಿ!). ಉದಾಹರಣೆಗೆ, ಸೋಲಿಗರಲ್ಲಿಯೂ ಕಂಡುಬರುವ, ಆನುವಂಶಿಕವಾದ ಸಿಕಲ್ ಸೆಲ್ ರಕ್ತಹೀನತೆಯನ್ನು 2047ರೊಳಗೆ ನಿರ್ಮೂಲ ಮಾಡುವ ಅಭಿಯಾನವನ್ನು ಕೇಂದ್ರ ಸರ್ಕಾರವು 2023ರಲ್ಲಿ ಹೂಡಿತು, ಸ್ತುತ್ಯವೇ. ಆದರೆ ರಕ್ತಪರೀಕ್ಷೆಯ ಫಲಿತಾಂಶದ ಕಾರ್ಡನ್ನು ಕೈಗಿತ್ತು ಹೊರಟುಬಿಟ್ಟರೆ ಸಾಲದು. ರೋಗದ ವಂಶಾಣುವನ್ನು ಹೊತ್ತ ವಾಹಕನೆಂದರೆ ರೋಗಿಯೆಂದಲ್ಲ, ವಾಹಕರಿಬ್ಬರು ಕೂಡಿದರೆ ಮಗುವಿಗೆ ರೋಗ ಬರುವ ಭಯವುಂಟು ಎಂಬುದನ್ನು, ಸಂಬಂಧ ಗೊತ್ತುಮಾಡುವ ಮೊದಲೇ, ಪೋಡಿನ ಜಗಲಿಯಲ್ಲಿ ಕುಳಿತು ಅವರ ನುಡಿಯಲ್ಲಿಯೇ ತಿಳಿಯಹೇಳಬಲ್ಲ ದಾದಿಯರನ್ನು ಆ ಜನರೊಳಗಿಂದಲೇ ಆರಿಸಿ, ಕಾಯಂ ಸಂಬಳದ ಮೇಲೆ ನೇಮಿಸತಕ್ಕದ್ದು.