ಹೆಸರು ಕಾಣೋ ಹಂಗೆ ತೆಗೀರಿ

ಬೆಂಗಳೂರಿನ ಕತ್ರಿಗುಪ್ಪೆಯ ಅಡ್ಡರಸ್ತೆಯೊಂದರಲ್ಲಿ ನನ್ನದೊಂದು ಸ್ಟುಡಿಯೊ ಇದೆ. ಪಾಸ್‌ಪೋರ್ಟ್ ಸೈಜ್ ಫೋಟೊ, ಮದುವೆ ಆಲ್ಬಂ, ಫ್ರೇಮ್ ಕೆಲಸ ಹೊಟ್ಟೆಪಾಡಿಗೆ. ಬೆಳಗಿನ ಹೊತ್ತು ರಸ್ತೆಯಲ್ಲಿ ದುಡಿಯುವವರ ಫೋಟೊ ತೆಗೆಯುವುದು ನನ್ನ ಹುಚ್ಚು. ಎರಡೂ ಗೊತ್ತಿರುವುದರಿಂದ ಹೇಳುತ್ತೇನೆ: ಬಡವರ ಫೋಟೊಗಳಿಗೆ ನಮ್ಮಲ್ಲಿ ಬರವಿಲ್ಲ. ಅವರು ತಮಗೆ ಬೇಕಾದಂತೆ ನಿಂತು ತೆಗೆಸಿಕೊಂಡ ಫೋಟೊಗಳನ್ನು ಮಾತ್ರ ಹುಡುಕಬೇಕು.

2020ರ ಲಾಕ್‌ಡೌನ್‌ನಲ್ಲಿ ರೇಷನ್ ಕಿಟ್ ಹಂಚಿದ ಫೋಟೊಗಳನ್ನು ನೆನಪಿಸಿಕೊಳ್ಳಿ. ಒಂದು ಚೀಲಕ್ಕೆ ಆರೇಳು ಕೈ, ಒಂದನ್ನು ಬಿಟ್ಟು ಎಲ್ಲವೂ ಕೊಡುವವರವೇ. ಕೊಡುವವರೆಲ್ಲ ಕ್ಯಾಮೆರಾ ಕಡೆ ನೋಡಿದರೆ ಇಸಿದುಕೊಳ್ಳುವ ಹೆಂಗಸು ನೆಲ ನೋಡುತ್ತಿದ್ದಾಳೆ. ಸೆರಗನ್ನು ಮುಖಕ್ಕೆ ಎಳೆದುಕೊಂಡವರೂ ಇದ್ದರು. ಪಾಪ, ಮಾಸ್ಕ್ ಇಲ್ಲವೇನೋ ಅಂದುಕೊಂಡು ನಾವು ಲೈಕ್ ಒತ್ತಿದೆವು.

2025ರ ಮೇ 1ರಂದು ಬಿಬಿಎಂಪಿಯ 12,692 ಪೌರಕಾರ್ಮಿಕರಿಗೆ ಕಾಯಂ ನೇಮಕಾತಿ ಆದೇಶ ಸಿಕ್ಕಿತಲ್ಲ, ಅದಾದ ಮೇಲೆ ನಮ್ಮ ಬೀದಿ ಗುಡಿಸುವ ಅಮ್ಮನೊಬ್ಬರು ಸ್ಟುಡಿಯೊಗೆ ಬಂದರು. ಬೀದಿಯಲ್ಲಿ ಎಷ್ಟೋ ಸಲ ನನ್ನ ಕ್ಯಾಮೆರಾ ಕಂಡು ಮುಖ ತಿರುಗಿಸಿದವರು. ಅಂದು ರೇಷ್ಮೆ ಸೀರೆ, ಮಲ್ಲಿಗೆ, ಎದೆಗೆ ಒತ್ತಿ ಹಿಡಿದ ಆದೇಶಪತ್ರ. ‘ಅಣ್ಣ, ಇದ್ರಲ್ಲಿರೋ ನನ್ ಹೆಸ್ರು ಕಾಣೋ ಹಂಗೆ ತೆಗೀರಿ.’

ಪತ್ರಕ್ಕೆ ಆಗಲೇ ಲ್ಯಾಮಿನೇಷನ್ ಆಗಿತ್ತು. ಫ್ಲ್ಯಾಶ್ ಹೊಡೆದರೆ ಅಕ್ಷರಗಳ ಮೇಲೆಲ್ಲ ಬಿಳಿ ಹೊಳಪು. ಲೈಟನ್ನು ಪಕ್ಕಕ್ಕೆ ಸರಿಸಿ, ಪತ್ರದ ಮೇಲಂಚನ್ನು ಒಂಚೂರು ಮುಂದಕ್ಕೆ ಬಾಗಿಸಿದೆ. ಹೆಸರು ಕಂಡಿತು, ಮುಖ ಅರ್ಧ ಕತ್ತಲಾಯಿತು. ‘ಮುಖ ನಮ್ಮೋರಿಗೆಲ್ಲ ಗೊತ್ತು, ಹೆಸ್ರು ಕಾಣ್ಲಿ ಬಿಡಣ್ಣ’ ಅಂದರು. ಕತ್ತಲಿದ್ದ ಕಡೆ ಥರ್ಮಾಕೋಲ್ ಹಾಳೆ ನಿಲ್ಲಿಸಿ ಬೆಳಕು ತಿರುಗಿಸಿದ ಮೇಲೆ ಎರಡೂ ಬಂದವು. ನಗಲಿಲ್ಲ. ನಗಿ ಅಂತ ನಾನೂ ಹೇಳಲಿಲ್ಲ. ಕಸದ ರಾಶಿಯ ಪಕ್ಕ ಬಗ್ಗಿದ ಬೆನ್ನನ್ನು ದೂರದಿಂದ ಜೂಮ್ ಹಾಕಿ ತೆಗೆದು ‘ಶ್ರಮಜೀವಿ’ ಅಂತ ಹೆಸರಿಟ್ಟು ಸ್ಪರ್ಧೆಗೆ ಕಳಿಸುವ ಗೆಳೆಯರು ನನಗಿದ್ದಾರೆ. ಅಂಥ ಫೋಟೊಗಳಲ್ಲಿ ನನಗೆ ಸಿಗದ ಗಟ್ಟಿತನ ಈ ಅಮ್ಮನ ನಿಲುವಿನಲ್ಲಿತ್ತು.

ಹಾಗಂತ ರೇಷ್ಮೆ ಸೀರೆಯ ಫೋಟೊ ಮಾತ್ರ ತೆಗೆಯಬೇಕೆ? ಅಲ್ಲ. 2010ರ ಜುಲೈನಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ, ವಾಸದ ಜಾಗದಿಂದ ಎಬ್ಬಿಸುವುದನ್ನು ವಿರೋಧಿಸಿ, ಭಂಗಿ ಸಮುದಾಯದವರು ಪುರಸಭೆ ಎದುರು ಮೈಮೇಲೆ ಮಲ ಸುರಿದುಕೊಂಡರು. ನೋಡಲಾಗದ ದೃಶ್ಯ, ನಾಡೆಲ್ಲ ನೋಡಿತು. ಆ ಚಿತ್ರಗಳಲ್ಲಿ ಅವರ ಮರ್ಯಾದೆ ಹೋಯಿತು ಎಂದು ನಾನು ಒಪ್ಪುವುದಿಲ್ಲ. ಏನು ತೋರಿಸಬೇಕು, ಎಲ್ಲಿ ನಿಂತು ತೋರಿಸಬೇಕು ಎಂದು ತೀರ್ಮಾನಿಸಿದವರು ಅವರೇ. ರೇಷನ್ ಕಿಟ್ ಇಸಿದುಕೊಂಡ ಹೆಂಗಸಿಗೆ ಆ ಹಕ್ಕನ್ನು ಯಾರೂ ಕೊಟ್ಟಿರಲಿಲ್ಲ.

ಬಡವರನ್ನು ಮರ್ಯಾದೆಯಿಂದ ತೋರಿಸುವುದನ್ನು ನಮ್ಮವರಲ್ಲಿ ಚೆನ್ನಾಗಿ ಬಲ್ಲವರಾಗಿದ್ದವರು ಮೈಸೂರಿನ ಛಾಯಾಗ್ರಾಹಕ ಟಿ.ಎಸ್. ಸತ್ಯನ್ (1923–2009). 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಯುನಿಸೆಫ್ ಅವರು ತೆಗೆದ ಮಕ್ಕಳ ಚಿತ್ರಗಳನ್ನು ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಚೇರಿಯಲ್ಲಿ ಪ್ರದರ್ಶಿಸಿತು. ಬಡತನ ಆ ಚಿತ್ರಗಳಲ್ಲಿ ಇದ್ದೇ ಇದೆ. ಆದರೆ ಮಕ್ಕಳು ನಮ್ಮ ಕನಿಕರಕ್ಕಾಗಿ ಕಾದು ಕೂತಿಲ್ಲ, ತಮ್ಮ ಆಟ ಕೆಲಸಗಳಲ್ಲಿ ಮುಳುಗಿದ್ದಾರೆ.

ಕ್ಯಾಮೆರಾ ಹಿಡಿಯುವ ಎತ್ತರದಲ್ಲೂ ಮರ್ಯಾದೆಯ ಮಾತಿದೆ. ಹಳೇ ಯಾಷಿಕಾ 635ರಲ್ಲಿ ಕೆಲಸ ಕಲಿತವನು ನಾನು. ಹೊಟ್ಟೆಯ ಮಟ್ಟಕ್ಕೆ ಹಿಡಿದು ಮೇಲಿನ ಗಾಜಿನಲ್ಲಿ ನೋಡುವ ಕ್ಯಾಮೆರಾ ಅದು. ಫೋಟೊ ತೆಗೆಯುವವನು ತಲೆ ತಗ್ಗಿಸಲೇಬೇಕು, ಎದುರಿಗಿರುವವರು ಎತ್ತರವಾಗಿ ಕಾಣುತ್ತಾರೆ. ಈಗ ಮೊಬೈಲನ್ನು ಎತ್ತಿ ಹಿಡಿದು, ಫುಟ್‌ಪಾತ್ ಮೇಲೆ ಹೂ ಕಟ್ಟುತ್ತ ಕೂತವರ ನೆತ್ತಿ ತೆಗೆಯುತ್ತಾರೆ. ಮಂಡಿಯೂರಿದರೆ ಪ್ಯಾಂಟ್ ಕೊಳೆಯಾಗುತ್ತದೆ ನೋಡಿ!

ಹೆಸರಿನ ಮಾತು ಇನ್ನೂ ಇದೆ. 1936ರಲ್ಲಿ ಅಮೆರಿಕದ ಡೊರೊಥಿಯಾ ಲ್ಯಾಂಗ್ ತೆಗೆದ ‘ವಲಸೆ ತಾಯಿ’ ಚಿತ್ರ ಜಗತ್ತಿಗೆಲ್ಲ ಗೊತ್ತು. ಲ್ಯಾಂಗ್ ಆಕೆಯ ಹೆಸರು ಕೇಳಿರಲಿಲ್ಲ. ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಎಂಬುದು ಜನರಿಗೆ ತಿಳಿದದ್ದು 1978ರಲ್ಲಿ. ಆ ಫೋಟೊದಿಂದ ತನಗೆ ಬಿಡಿಗಾಸೂ ಬರಲಿಲ್ಲವೆಂದು ಆಕೆಗೆ ಬೇಸರವಿತ್ತು.

ನಮ್ಮ ಪತ್ರಿಕೆಗಳಲ್ಲಿ ಮಂತ್ರಿ ಗಿಡ ನೆಟ್ಟರೆ ಪಕ್ಕದಲ್ಲಿ ನಿಂತವರ ಹೆಸರೆಲ್ಲ ಎಡದಿಂದ ಬಲಕ್ಕೆ ಅಚ್ಚಾಗುತ್ತದೆ. ಮಳೆಯಲ್ಲಿ ಚರಂಡಿ ಬಿಡಿಸುವವರು ಮಾತ್ರ ‘ಕಾರ್ಮಿಕರೊಬ್ಬರು’. ಹೆಸರು ಕೇಳಿ. ಹೇಳಿದರೆ ಹಾಕಿ. ಕಂಟ್ರಾಕ್ಟರ್ ಭಯಕ್ಕೆ ಬೇಡ ಅಂದರೆ ಹೆಸರನ್ನೂ ಬಿಡಿ, ಮುಖವನ್ನೂ ಬಿಡಿ. ಆಮೇಲೆ ಅವರಿಗೆ ಒಂದು ಪ್ರಿಂಟ್ ತಲುಪಿಸಿ. ವಾಟ್ಸ್ಆ್ಯಪ್‌ನಲ್ಲಿ ಕಳಿಸಿ ಕೈ ತೊಳೆದುಕೊಳ್ಳಬೇಡಿ. ಮ್ಯಾಟ್ ಪೇಪರಿನಲ್ಲೇ ಹಾಕಿಸಿ. ಮನೆಮಂದಿಯೆಲ್ಲ ಕೈಗೆತ್ತಿಕೊಂಡು ನೋಡುತ್ತಾರೆ, ಗ್ಲಾಸಿಯಾದರೆ ಬೆರಳಿನ ಗುರುತು ಕೂರುತ್ತದೆ.