ಉತ್ತರ ಮೊದಲೇ ಗೊತ್ತಿರುವ ಸವಾಲು

ಮಣ್ಣಿನ ಕೆಲಸವನ್ನು ಆಟವಾಗಿ ಕಲಿಸುವುದು ಕುಂಬಾರನಿಗೆ ಮಾಡುವ ಅವಮಾನ ಎಂದು ಗೆಳೆಯರೊಬ್ಬರು ಈಚೆಗೆ ನಮ್ಮ ಮೇಲೆ ಹರಿಹಾಯ್ದರು. ಅವರ ಸಿಟ್ಟು ಬೆಂಗಳೂರಿನಲ್ಲಿ ಶನಿವಾರ, ಭಾನುವಾರ ನಡೆಯುವ ಕುಂಬಾರಿಕೆ ತರಗತಿಗಳ ಮೇಲೆ. ಹಣ ಕಟ್ಟಿ ಬಂದವರನ್ನು ಎರಡು ತಾಸು ವಿದ್ಯುತ್ ತಿಗರಿಯ ಮುಂದೆ ಕೂರಿಸುತ್ತಾರೆ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಬಟ್ಟಲು ಮಾಡಿ, ಒಂದೇ ಕೈಯಲ್ಲಿ ಮಾಡಿ, ಇಬ್ಬರು ಸೇರಿ ಒಂದು ಹೂಜಿ ಎತ್ತಿ ಎಂದು ಸವಾಲು ಹಾಕುತ್ತಾರೆ. ತಲೆಮಾರುಗಳ ದುಡಿಮೆಯ ಗೇಲಿ ಇದು ಎಂಬುದು ಗೆಳೆಯರ ವಾದ. ನಾವು ಒಪ್ಪಲಿಲ್ಲ. ಹಾಗೆಂದು ಆ ತರಗತಿಗಳ ಪರವಾಗಿ ವಕಾಲತ್ತು ವಹಿಸಲೂ ನಮ್ಮಿಂದಾಗದು. ಅಲ್ಲಿ ಆಟ ಹೆಚ್ಚಾಯಿತು ಎಂಬುದಲ್ಲ ನಮ್ಮ ತಕರಾರು. ಆಟ ಸಾಲದು ಎಂಬುದು.

ಕುಂಬಾರಿಕೆಗೂ ಆಟಕ್ಕೂ ನಂಟು ಕಲ್ಪಿಸಿದವರು ಪೇಟೆಯ ಮಂದಿಯಲ್ಲ. ಹರಿಹರನ ರಗಳೆಯಲ್ಲಿ ಕುಂಬಾರ ಗುಂಡಯ್ಯ ಗಡಿಗೆ ಬಡಿದ ಸದ್ದಿಗೆ ಶಿವನೇ ಕುಣಿಯಲು ಬರುತ್ತಾನೆ. ಗಡಿಗೆ ಬಡಿಯುವುದು ಕಸುಬಿನದ್ದೇ ಭಾಗ. ತಿಗರಿಯಿಂದ ಇಳಿದ ದಪ್ಪ ಗಡಿಗೆಯ ಒಳಗೆ ಕಲ್ಲು ಹಿಡಿದು, ಹೊರಗಿನಿಂದ ಹಲಗೆಯಲ್ಲಿ ತಟ್ಟಿ ತಟ್ಟಿ ಹಿಗ್ಗಿಸುತ್ತಾರೆ. ಆವಿಗೆಯಿಂದ ಹೊರಬಂದ ಮೇಲೆ ಬೆರಳಿನಿಂದ ತಟ್ಟಿ, ಬಿರುಕು ಬಿಟ್ಟಿದೆಯೇ ಎಂದು ಕಿವಿಗೊಟ್ಟು ಕೇಳುತ್ತಾರೆ. ದುಡಿಮೆ ಎಲ್ಲಿ ಮುಗಿಯಿತು, ಕುಣಿತ ಎಲ್ಲಿ ಶುರುವಾಯಿತು ಎಂದು ಗುಂಡಯ್ಯನನ್ನು ಕೇಳಿದ್ದರೆ ಅವನು ಪಿಳಿಪಿಳಿ ನೋಡುತ್ತಿದ್ದನೇನೋ. ಆದ್ದರಿಂದ ಆಟದ ಮೇಲೆ ನಮಗೆ ಮುನಿಸಿಲ್ಲ.

ಮುನಿಸು ಇರುವುದು ಬೇರೆಡೆ. ಎರಡು ವರ್ಷದ ಹಿಂದೆ ಮಗಳ ಒತ್ತಾಯಕ್ಕೆ ನಾವೂ ಅಂಥದೊಂದು ತರಗತಿಗೆ ಹೋದೆವು. ನಮ್ಮ ಮಣ್ಣಿನ ಮುದ್ದೆ ತಿಗರಿಯ ನಡುವಿಗೆ ನಿಲ್ಲಲೊಲ್ಲದು. ನಡುವಿಗೆ ತರುವುದೇ ಈ ವಿದ್ಯೆಯ ಮೊದಲ ಮೆಟ್ಟಿಲು. ಮೊಣಕೈಯನ್ನು ತೊಡೆಗೆ ಊರಿ, ಅಂಗೈಯನ್ನು ಗೋಡೆಯಂತೆ ಅಲುಗದೆ ಹಿಡಿದರೆ ಮಣ್ಣು ಬಗ್ಗುತ್ತದೆ. ಮಣ್ಣು ಅಲುಗಿದಾಗ ಕೈಯೂ ಅಲುಗಿದರೆ ಮಣ್ಣೇ ಯಜಮಾನ. ಇದೊಂದು ಹದ ಸಿಕ್ಕಲು ಹಲವರಿಗೆ ವಾರಗಟ್ಟಲೆ ಬೇಕು. ಆದರೆ ತರಗತಿಗೆ ಇದ್ದದ್ದು ಎರಡು ತಾಸು. ಕಲಿಸುವ ಹುಡುಗ ನಗುನಗುತ್ತಾ ಬಂದು ನಮ್ಮ ಕೈಗಳ ಮೇಲೆ ತನ್ನ ಕೈಗಳನ್ನಿಟ್ಟ. ಮೂರೇ ನಿಮಿಷಕ್ಕೆ ಬಟ್ಟಲು ಎದ್ದು ನಿಂತಿತು. ಆಮೇಲೆ ಕಣ್ಣಿಗೆ ಬಟ್ಟೆ ಕಟ್ಟುವ ಸವಾಲು. ಬಟ್ಟೆಯ ಆಚೆಯಿಂದಲೂ ಅದೇ ಕೈಗಳು ಬಂದವು. ಚಪ್ಪಾಳೆ, ಫೋಟೋ, ಎಲ್ಲರಿಗೂ ಬಹುಮಾನ. ತಿಂಗಳ ನಂತರ ಹೊಳಪು ಹಚ್ಚಿ ಸುಟ್ಟ ಬಟ್ಟಲು ಮನೆಗೆ ಬಂತು, ಅಡಿಯಲ್ಲಿ ನಮ್ಮ ಹೆಸರು. ನಾವು ಕತೆ ಬರೆಯುವವರು. ಇನ್ನೊಬ್ಬರು ಬರೆದ ಕತೆಯ ಕೆಳಗೆ ನಮ್ಮ ಹೆಸರು ಅಚ್ಚಾದರೆ ಮುಖ ಎಲ್ಲಿಡಬೇಕು?

ಆ ಹುಡುಗನನ್ನು ದೂರಲಾರೆವು. ಒಂದು ಡಜನ್ ಜನ, ಪ್ರತಿಯೊಬ್ಬರ ಕೈಯಲ್ಲೂ ಒಂದು ಬಟ್ಟಲು ಇಡಬೇಕು, ಸಂಜೆಗೆ ಮತ್ತೊಂದು ತಂಡ. ಅವನ ಸ್ಥಿತಿ ಟ್ಯೂಷನ್ ಮೇಷ್ಟರ ಸ್ಥಿತಿಯೇ.

ನಾವು ಮೊದಲು ಉರ್ದು ಶಾಲೆಯಲ್ಲೂ ಆಮೇಲೆ ಕನ್ನಡ ಶಾಲೆಯಲ್ಲೂ ಓದಿದವರಾದ್ದರಿಂದ ಕೆಲವು ಶಬ್ದಗಳು ಎರಡು ಮುಖ ಹೊತ್ತು ಎದುರಾಗುತ್ತವೆ. ಉರ್ದುವಿನಲ್ಲಿ 'ಸವಾಲ್' ಎಂದರೆ ಪ್ರಶ್ನೆ. ಕನ್ನಡಕ್ಕೆ ಬಂದು ಅದು ತೊಡೆ ತಟ್ಟುವ ಸವಾಲಾಯಿತು. ತಿಗರಿಯ ಮುಂದೆ ಈ ಎರಡೂ ಅರ್ಥಗಳು ಒಂದಾಗಬೇಕು. ಸವಾಲು ಹಾಕುವುದೆಂದರೆ ಉತ್ತರ ಗೊತ್ತಿಲ್ಲದ ಪ್ರಶ್ನೆಯೊಂದನ್ನು ಮಣ್ಣಿಗೆ ಕೇಳುವುದು. ಉತ್ತರ ಮೊದಲೇ ಬರೆದಿಟ್ಟು, ಯಾರೂ ಸೋಲದಂತೆ ಏರ್ಪಾಡು ಮಾಡಿ ಕೇಳುವ ಪ್ರಶ್ನೆ ಆಟವೂ ಅಲ್ಲ, ಪಾಠವೂ ಅಲ್ಲ. ಬ್ರಿಟನ್ನಿನ ಟೀವಿಯಲ್ಲಿ 2015ರಲ್ಲಿ ಶುರುವಾದ 'ದಿ ಗ್ರೇಟ್ ಪಾಟರಿ ಥ್ರೋ ಡೌನ್' ಎಂಬ ಸ್ಪರ್ಧೆಯಲ್ಲೂ ಗಡಿಯಾರ ಇಟ್ಟು ಸವಾಲು ಹಾಕುತ್ತಾರೆ. ಆದರೆ ಅಲ್ಲಿ ಗೋಡೆ ಕುಸಿಯುತ್ತದೆ, ಗೂಡಿನಲ್ಲಿ ಪಾತ್ರೆ ಸೀಳುತ್ತದೆ, ಎಲ್ಲರ ಕಣ್ಣೆದುರೇ. ಚೆನ್ನಾಗಿ ಬಂದ ಕೆಲಸ ಕಂಡರೆ ತೀರ್ಪುಗಾರ ಕೀತ್ ಬ್ರೈಮರ್ ಜೋನ್ಸ್ ಅತ್ತೇಬಿಡುತ್ತಾರೆ. ಎಲ್ಲರದ್ದೂ ಚೆನ್ನಾಗಿಯೇ ಬರುವಂತಿದ್ದರೆ ಆ ಕಣ್ಣೀರಿಗೆ ಏನು ಬೆಲೆ?

ನಮಗೆ ನಿಜವಾದ ಸವಾಲು ಸಿಕ್ಕಿದ್ದು ನಮ್ಮ ಊರಿನ ಪಕ್ಕದ ಹಳ್ಳಿಯ ಒಬ್ಬ ಮುದುಕನಿಂದ. ಕೋಲಿನಿಂದ ತಿರುಗಿಸುವ ತಿಗರಿಯಲ್ಲಿ ಆಯಸ್ಸು ಕಳೆದು, ಈಗ ವಿದ್ಯುತ್ ತಿಗರಿಗೆ ಬಂದವರು. ಅವರು ಅದನ್ನು ಸವಾಲು ಎನ್ನಲಿಲ್ಲ, 'ನೋಡೋಣ' ಎಂದರು ಅಷ್ಟೆ. ಅರ್ಧ ಕಿಲೋ ಮಣ್ಣು ಕೊಟ್ಟು, ಎಷ್ಟು ಎತ್ತರ ಎತ್ತುತ್ತೀರಿ ನೋಡೋಣ. ಎತ್ತಿದೆವು, ಒಂದು ಗೇಣಿಗೂ ಕಡಿಮೆ. ಬೀಗುವಷ್ಟರಲ್ಲಿ ಕೈಗೆ ತಂತಿ ಕೊಟ್ಟು, ನೆತ್ತಿಯಿಂದ ಬುಡದವರೆಗೆ ಕೊಯ್ಯಿರಿ ಎಂದರು. ಒಂದು ತಾಸು ಹೆಣಗಿ ಮಾಡಿದ್ದನ್ನು ಕೊಯ್ಯಲು ಮನಸ್ಸು ಬರಲಿಲ್ಲ, ಕೊಯ್ದೆವು. ಬುಡದಲ್ಲಿ ಹೆಬ್ಬೆರಳ ದಪ್ಪ, ಕಂಠದಲ್ಲಿ ಹಾಳೆಯಷ್ಟು ತೆಳು. ಎತ್ತರಕ್ಕೆ ಹೋಗಬೇಕಾದ ಮಣ್ಣೆಲ್ಲ ಬುಡದಲ್ಲೇ ಕೂತಿತ್ತು. ಹೊರಗಿನಿಂದ ಅದು ಕಂಡಿರಲಿಲ್ಲ, ಯಾರಾದರೂ ಬಾಯಲ್ಲಿ ಹೇಳಿದ್ದರೆ ನಂಬುತ್ತಲೂ ಇರಲಿಲ್ಲ. ಮತ್ತೊಂದು ದಿನ, ಗೋಡೆ ಬೀಳುವ ತನಕ ಅಗಲಿಸಿ ನೋಡೋಣ ಎಂದರು. ಬೀಳುವ ಮುಂಚಿನ ಕ್ಷಣದಲ್ಲಿ ಮಣ್ಣು ಬೆರಳಿನ ಕೆಳಗೆ ಒಂದು ಬಗೆಯಲ್ಲಿ ನಡುಗುತ್ತದೆ. ಬೀಳಿಸದೆ ಇದ್ದವನಿಗೆ ಆ ನಡುಕ ಗೊತ್ತಾಗುವುದೇ ಇಲ್ಲ. ಇನ್ನೊಮ್ಮೆ, ನಿನ್ನೆ ಮಾಡಿದ ಡಬ್ಬಿಗೆ ಇಂದು ಮುಚ್ಚಳ. ಅಳತೆ ಹಿಡಿದು ಸರಿಯಾಗಿಯೇ ಮಾಡಿದೆವು. ಸುಟ್ಟ ಮೇಲೆ ಮುಚ್ಚಳ ಡಬ್ಬಿಯೊಳಕ್ಕೆ ಬಿತ್ತು. ಒಣಗಿ ಸುಡುವ ಹೊತ್ತಿಗೆ ಮಣ್ಣು ಹತ್ತರಲ್ಲಿ ಒಂದು ಪಾಲಿನಷ್ಟು ಕುಗ್ಗುತ್ತದೆ. ಡಬ್ಬಿ ರಾತ್ರಿಯೇ ಒಂದಿಷ್ಟು ಕುಗ್ಗಿ ಕೂತಿತ್ತು, ಮುಚ್ಚಳದ್ದು ಪೂರ್ತಿ ಬಾಕಿ ಇತ್ತು. ಮುದುಕ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾವೂ ನಕ್ಕೆವು. ಅದು ಆಟ.

'ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ' ಎಂಬ ಗಾದೆಯನ್ನು ನಾವು ಕೆಡುಕರ ಮೇಲೆ ಪ್ರಯೋಗಿಸುತ್ತೇವೆ. ಕಲಿಯುವ ಜಾಗದಲ್ಲಿ ಮಾತ್ರ ದೊಣ್ಣೆ ಕಲಿಯುವವನ ಕೈಯಲ್ಲೇ ಇರಬೇಕು. ಪೇಟೆಯ ತರಗತಿ ಕಸಿದುಕೊಂಡಿರುವುದು ಅದನ್ನೇ.

ಒಂದು ಮಾತನ್ನು ಆ ತರಗತಿಗಳ ಪರವಾಗಿಯೂ ಹೇಳಬೇಕು. ನಮ್ಮ ದೇಶದ ಅನೇಕ ಕುಂಬಾರ ಸಮುದಾಯಗಳಲ್ಲಿ ಹೆಣ್ಣುಮಕ್ಕಳು ಮಣ್ಣು ತುಳಿದರು, ಬಣ್ಣ ಬಳಿದರು. ತಿಗರಿ ಮುಟ್ಟುವುದು ಮಾತ್ರ ಗಂಡಸರ ಹಕ್ಕು. ಕಚ್ಛದ ಖಾವ್ಡಾದ ಮುಸ್ಲಿಂ ಕುಂಬಾರರಲ್ಲೂ ತಿಗರಿ ಗಂಡಸಿನದು, ಚಿತ್ತಾರ ಹೆಂಗಸಿನದು. ತರಗತಿಗಳಲ್ಲಿ ಹಣ ಕಟ್ಟಿದ ಯಾವ ಜಾತಿಯ ಯಾವ ಹೆಣ್ಣುಮಗಳಾದರೂ ತಿಗರಿಯ ಮುಂದೆ ಕೂರಬಹುದು. ಇದು ಸಣ್ಣ ಸಂಗತಿಯಲ್ಲ. ಆದರೆ ಬಾಗಿಲು ತೆರೆದದ್ದು ಒಂದೇ ದಿಕ್ಕಿಗೆ. ನಮ್ಮ ಮಗಳು ಕುಂಬಾರನ ಜಾಗದಲ್ಲಿ ಕೂತಳು, ಕುಂಬಾರನ ಮಗ ಗುರುವಿನ ಜಾಗದಲ್ಲಿ ಕೂರಲಿಲ್ಲ. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗ 2018ರಲ್ಲಿ ಕುಂಬಾರ ಸಶಕ್ತೀಕರಣ ಯೋಜನೆ ತಂದು ವಿದ್ಯುತ್ ತಿಗರಿ ಹಂಚಿತು. ತಿಗರಿಯೇನೋ ಬಂತು. ಅದೇ ತಿಗರಿಯಲ್ಲಿ ಒಬ್ಬನದು ದುಡಿಮೆ, ಒಬ್ಬನದು ಭಾನುವಾರ.

ದೆಹಲಿಯಲ್ಲಿ 1952ರಲ್ಲಿ ಡೆಲ್ಲಿ ಬ್ಲೂ ಪಾಟರಿ ಕಟ್ಟಿದ ಗುರುಚರಣ್ ಸಿಂಗ್ ಜಪಾನಿಗೆ ಹೋಗಿ ಕಲಿತು ಬಂದವರು. ಆದರೆ ನೀಲಿ ಹೊಳಪಿನ ಕೆಲಸವನ್ನು ಅವರು ದೆಹಲಿಯ ಪಠಾಣ ಕುಂಬಾರ ಅಬ್ದುಲ್ಲಾನಿಂದ ಕಲಿತಿದ್ದರು. ಓದಿಕೊಂಡವನೊಬ್ಬ ಕಸುಬುದಾರನನ್ನು ಉಸ್ತಾದ್ ಎಂದು ಒಪ್ಪಿಕೊಂಡರೆ ಏನೂ ಕಳೆದುಹೋಗುವುದಿಲ್ಲ. ಇನ್ನು ಶಾಲೆಗಳ ಮಾತು. ಕೈಕಸುಬನ್ನು ಓದಿನ ನಡುವಿಗೆ ತರಬೇಕೆಂದು 1937ರಲ್ಲಿ ಗಾಂಧೀಜಿ ಹೇಳಿದಾಗ ಅದಕ್ಕೆ ಪಠ್ಯಕ್ರಮದ ರೂಪ ಕೊಟ್ಟ ಸಮಿತಿಯ ಅಧ್ಯಕ್ಷರು ಡಾ. ಜಾಕಿರ್ ಹುಸೇನ್. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಆರರಿಂದ ಎಂಟನೇ ತರಗತಿಯ ಮಕ್ಕಳು ಹತ್ತು ದಿನ ಚೀಲ ಬಿಟ್ಟು ಬಡಗಿ, ಕುಂಬಾರರ ಬಳಿ ಕಲಿಯಲಿ ಎನ್ನುತ್ತದೆ. ನೀತಿಯ ಉಳಿದ ಜಗಳ ಏನೇ ಇರಲಿ, ಈ ಹತ್ತು ದಿನವನ್ನು ನಮ್ಮ ಉರ್ದು, ಕನ್ನಡ ಶಾಲೆಗಳು ತಾವಾಗಿಯೇ ತೆಗೆದುಕೊಳ್ಳಬಹುದಲ್ಲ. ಕುಂಬಾರನಿಗೆ ಮೇಷ್ಟರ ಸಂಬಳದ ಲೆಕ್ಕದಲ್ಲಿ ಹತ್ತು ದಿನದ ಹಣ ಕೊಡಿ. ಮಕ್ಕಳ ಕೈಯಲ್ಲಿ ತಂತಿ ಕೊಡಿ. ಪ್ರದರ್ಶನಕ್ಕೆ ಒಂದೂ ಬಟ್ಟಲು ಉಳಿಯದಿದ್ದರೆ ಹೆಡ್‌ಮಾಸ್ತರರು ಸಿಟ್ಟಾಗದಿದ್ದರೆ ಸಾಕು.

ಕೊಯ್ದ ಗಡಿಗೆಯ ಒಂದು ಹೋಳನ್ನು ಮುದುಕ ತಮ್ಮ ಆವಿಗೆಯಲ್ಲಿ ಸುಟ್ಟುಕೊಟ್ಟರು. ಅದೀಗ ನಮ್ಮ ಪುಸ್ತಕದ ಕಪಾಟಿನಲ್ಲಿ, ಆ ಹೊಳೆಯುವ ಬಟ್ಟಲಿನ ಪಕ್ಕದಲ್ಲಿದೆ. ಮನೆಗೆ ಬಂದ ನೆಂಟರು ಬಟ್ಟಲನ್ನು ಎತ್ತಿ, ಅಡಿಯ ಹೆಸರು ಓದಿ ಮೆಚ್ಚುತ್ತಾರೆ. ಹೋಳನ್ನು ನೋಡಿ, ಅಯ್ಯೋ ಕೈಜಾರಿ ಬಿತ್ತೇ ಎಂದು ಕೇಳುತ್ತಾರೆ. ಇಲ್ಲ, ನಾವೇ ಕೊಯ್ದದ್ದು ಎಂದರೆ, ಚಹಾದ ಕಡೆಗೆ ಮಾತು ತಿರುಗಿಸುತ್ತಾರೆ.