ವಾತಾಪಿಯ ಕಲ್ಲುಗಳ ಸಾಕ್ಷ್ಯ

ರಜೆಯ ದಿನಗಳು ಬಂದೊಡನೆ ನಮ್ಮ ಪಟ್ಟಣಗಳ ಸುಶಿಕ್ಷಿತರು ಕುಟುಂಬಸಮೇತರಾಗಿ ಪ್ರವಾಸ ಹೊರಡುವ ರೂಢಿಯು ಬಲವಾಗುತ್ತಲಿದೆ. ಇದು ಸಂತೋಷದ ಸಂಗತಿಯೇ ಸರಿ. ಆದರೆ ಬೆಳಿಗ್ಗೆ ಬಾದಾಮಿ, ಮಧ್ಯಾಹ್ನಕ್ಕೆ ಪಟ್ಟದಕಲ್ಲು, ಹೊತ್ತು ಮುಳುಗುವದರೊಳಗೆ ಐಹೊಳೆ ಎಂದು ಓಡಿ, ಗುಡಿಗೊಂದರಂತೆ ಛಾಯಾಚಿತ್ರ ತೆಗೆಯಿಸಿಕೊಂಡು ಬರುವದಕ್ಕೆ ಐತಿಹಾಸಿಕ ಸ್ಥಳಗಳ ಸಂದರ್ಶನವೆಂದು ನಾವು ಹೆಸರಿಡಲಾರೆವು. ಅಂಥವರಿಗೆ ದೊರೆಯುವದು ದಣಿವು, ಆನಂದವಲ್ಲ. ಈ ಸ್ಥಳಗಳ ಆನಂದವು ಓದಿನ ಆನಂದವಾಗಿದೆ. ಓದುವವನಿಗೆ ವೇಳೆ ಬೇಕು.

ನ್ಯಾಯಸ್ಥಾನದಲ್ಲಿ ಕೇಳಿದ ಮಾತಿಗೂ ಮೂಲ ದಸ್ತಾವೇಜಿಗೂ ಇರುವ ಅಂತರವನ್ನು ವಾಚಕರು ಬಲ್ಲರು. ಇಮ್ಮಡಿ ಪುಲಕೇಶಿಯು ಉತ್ತರಾಪಥದ ಹರ್ಷವರ್ಧನನನ್ನು ತಡೆದು ನಿಲ್ಲಿಸಿದನೆಂದು ಸಭೆಗಳಲ್ಲಿ ಮೇಜು ಗುದ್ದಿ ನುಡಿಯುವವರು ನಮ್ಮಲ್ಲಿ ಬೇಕಾದಷ್ಟು ಜನರುಂಟು. ಅವರಲ್ಲಿ ಐಹೊಳೆಯ ಮೇಗುಟಿ ಗುಡ್ಡವನ್ನು ಹತ್ತಿ ಆ ಮಾತಿನ ಮೂಲವನ್ನು ಕಣ್ಣಾರೆ ಕಂಡವರು ಎಷ್ಟು ಮಂದಿ? ಕ್ರಿ. ಶ. ೬೩೪ರಲ್ಲಿ ರವಿಕೀರ್ತಿಯೆಂಬ ಕವಿಯು ತಾನು ಕಟ್ಟಿಸಿದ ಜಿನಾಲಯದ ಗೋಡೆಯ ಮೇಲೆ ಕೆತ್ತಿಸಿದ ಶಾಸನವದು. ಭಾಷೆಯು ಸಂಸ್ಕೃತ, ಲಿಪಿಯು ಅಂದಿನ ಕನ್ನಡದ್ದು. ಶಕವರ್ಷ ೫೫೬ ಎಂದು ಕಾಲ ಹೇಳಿದ್ದಲ್ಲದೆ, ಭಾರತಯುದ್ಧವಾಗಿ ೩೭೩೫ ವರ್ಷಗಳು ಸಂದವೆಂದೂ ಕವಿಯು ಲೆಕ್ಕ ಕೊಟ್ಟಿದ್ದಾನೆ. ಹರ್ಷನ ಹೆಸರಿನ ಮೇಲೆಯೇ ಶ್ಲೇಷೆ ಮಾಡಿ ಅವನ ಹರ್ಷವು ಅಳಿಯಿತೆಂದಿದ್ದಾನೆ. ಕಡೆಗೆ ಕೀರ್ತಿಯಲ್ಲಿ ತಾನು ಕಾಳಿದಾಸ-ಭಾರವಿಗಳಿಗೆ ಸಮನೆಂದು ಸಂಕೋಚವಿಲ್ಲದೆ ಹೇಳಿಕೊಂಡಿದ್ದಾನೆ. (ಈ ಆತ್ಮಪ್ರಶಂಸೆಗೆ ನಾವು ಋಣಿಗಳಾಗಿರತಕ್ಕದ್ದು, ಕಾಳಿದಾಸನು ಅದಕ್ಕಿಂತ ಈಚಿನವನಲ್ಲವೆಂದು ಸಾಧಿಸುವದಕ್ಕೆ ಪಂಡಿತರು ಹಿಡಿದುಕೊಂಡ ಗಟ್ಟಿಯಾದ ಆಧಾರವು ಇದೇ.)

ಬಾದಾಮಿಯ ಮೂರನೆಯ ಗುಹೆಯ ಮಾತು ಬೇರೆ. ಮಂಗಲೇಶನು ಅದನ್ನು ವಿಷ್ಣುವಿಗಾಗಿ ಕೊರೆಯಿಸಿದ್ದು ಶಕ ೫೦೦, ಎಂದರೆ ಕ್ರಿ. ಶ. ೫೭೮ರಲ್ಲಿ. ಒಳಗಿನ ಭವ್ಯ ಮೂರ್ತಿಗಳನ್ನು ನೋಡಿ ಬೆರಗಾದವರು ಅಲ್ಲಿಯೇ ಇರುವ ಚಿಕ್ಕದೊಂದು ಕನ್ನಡ ಬರಹವನ್ನು ಗಮನಿಸದೆ ಇಳಿದುಬಿಡುವರು. ದೇವರ ಹೂಮಾಲೆಯ ಸೇವೆಗಾಗಿ ಒಂದು ಊರನ್ನು ದತ್ತಿಯಾಗಿ ಬಿಟ್ಟುದನ್ನು ತಿಳಿಸುವ ಶಾಸನವದು. ಅದರಲ್ಲಿ ಈ ಗುಹಾದೇವಾಲಯಕ್ಕೆ ‘ಕಲ್ಮನೆ’ ಎಂಬ ಹೆಸರಿದೆ. ಕಲ್ಲಿನ ಮನೆ! ಸಾವಿರದ ನಾಲ್ಕು ನೂರು ವರ್ಷಗಳಾಚೆಗೆ ನಿಂತ ಒಬ್ಬ ಅರಸನ ಬಾಯಿಂದ, ನಮ್ಮ ಮನೆಯ ಹಸುಳೆಗೂ ಅರ್ಥವಾಗುವ ಮಾತು. ಇದನ್ನು ಬೆರಳಿಟ್ಟು ತೋರಿಸಿದಾಗ ಶಾಲೆಯ ಬಾಲಕನ ಮುಖದಲ್ಲಿ ಮೂಡುವ ಬೆಳಕು ಯಾವ ಪಠ್ಯಪುಸ್ತಕದಿಂದಲೂ ಮೂಡಲಾರದು.

ಇನ್ನು ವಸ್ತುಸಂಗ್ರಹಾಲಯ. ಅದು ಒಡೆದ ಮೂರ್ತಿಗಳ ಉಗ್ರಾಣವೆಂಬ ತಾತ್ಸಾರವು ನಮ್ಮಲ್ಲಿ ಇನ್ನೂ ಹೋಗಿಲ್ಲ. ಬಾದಾಮಿಯ ಕೆರೆಯ ಬಡಗಣ ದಡದ ಸಂಗ್ರಹಾಲಯದಲ್ಲಿ, ತಲೆಯಿರಬೇಕಾದ ಸ್ಥಳದಲ್ಲಿ ಅರಳಿದ ಕಮಲವನ್ನು ತಾಳಿದ ಲಜ್ಜಾಗೌರಿಯ ಮೂರ್ತಿಯಿದೆ, ನಾಗನಾಥಕೊಳ್ಳದಿಂದ ತಂದದ್ದು. ಕೊಳ್ಳದ ಗುಡಿಗೆ ಹೋಗಿ ಅದನ್ನು ಕಾಣುವವರೆಷ್ಟು, ಇಲ್ಲಿ ಕಾಣುವವರೆಷ್ಟು! ವಿಜಾಪುರದಲ್ಲಿ ಗೋಳಗುಮ್ಮಟದ ಮುಂದಿನ ನಗಾರಖಾನೆಯೇ ೧೮೯೨ರಿಂದ ಸಂಗ್ರಹಾಲಯವಾಗಿದೆ. ಗುಮ್ಮಟದೊಳಗೆ ಕೂಗಿ ಪ್ರತಿಧ್ವನಿ ಕೇಳಿದವರು ಅರ್ಧ ಗಳಿಗೆ ಅಲ್ಲಿಯೂ ನಿಂತರೆ ಕೂಗಿದ ಆಯಾಸವಾದರೂ ಪರಿಹಾರವಾದೀತು.

ನಾವು ಮುಖ್ಯವಾಗಿ ಹೇಳಬೇಕಾದದ್ದು ಮತ್ತೊಂದಿದೆ. ಉಪಾಧ್ಯಾಯ ಮಹನೀಯರು ಇದನ್ನು ವಿಶೇಷವಾಗಿ ಲಕ್ಷ್ಯಕ್ಕೆ ತಂದುಕೊಳ್ಳಬೇಕು. ಅದೇ ಬಾದಾಮಿಯಲ್ಲಿ ಬಂಡೆಯೊಂದರ ಮೇಲೆ ಪಲ್ಲವ ನರಸಿಂಹವರ್ಮನ ಶಾಸನವುಂಟು. ಕ್ರಿ. ಶ. ೬೪೨ರಲ್ಲಿ ಅವನು ವಾತಾಪಿಯನ್ನು ಗೆದ್ದು ‘ವಾತಾಪಿಕೊಂಡ’ನೆನಿಸಿಕೊಂಡನು. ಮೇಗುಟಿಯ ಪ್ರಶಸ್ತಿಯನ್ನು ಕೆತ್ತಿ ಎಂಟು ವರ್ಷಗಳಾಗಿದ್ದವು, ಅಷ್ಟೇ. ನಮ್ಮ ಶಾಲೆಗಳ ಪಾಠವು ಸಾಮಾನ್ಯವಾಗಿ ಹರ್ಷನ ಸೋಲಿನೊಡನೆ ನಿಂತುಬಿಡುವದು; ಪುಸ್ತಕದಲ್ಲಿ ಪುಟವನ್ನು ಮಗುಚುವದು ಸುಲಭ. ಬಂಡೆಯನ್ನು ಮಗುಚಲಾಗದು. ನಾಡಿನ ಅಭಿಮಾನವುಳ್ಳವರು ಈ ಬಂಡೆಯ ಮುಂದೆ ನಿಲ್ಲಲು ಅಂಜಬೇಕಾದ ಕಾರಣವೇನು?

ಏಕೆಂದರೆ ಕಥೆಯು ಅಲ್ಲಿಗೆ ಮುಗಿಯಲಿಲ್ಲ. ನೂರು ವರ್ಷಗಳ ತರುವಾಯ ಇಮ್ಮಡಿ ವಿಕ್ರಮಾದಿತ್ಯನು ಕಂಚಿಯನ್ನು ಗೆದ್ದನು. ಆ ಜಯದ ನೆನಪಿಗೆ ಅವನ ರಾಣಿ ಲೋಕಮಹಾದೇವಿಯು ಪಟ್ಟದಕಲ್ಲಿನಲ್ಲಿ ಕಟ್ಟಿಸಿದ್ದೇ ಇಂದಿನ ವಿರೂಪಾಕ್ಷ ದೇವಾಲಯ. ಕಟ್ಟಿದ ಶಿಲ್ಪಿ ಗುಂಡನ ಹೆಸರನ್ನೂ ಶಾಸನವು ಮರೆತಿಲ್ಲ. ಆದರೆ ವಿಕ್ರಮಾದಿತ್ಯನ ಹಿರಿಮೆಯನ್ನು ಕಾಣಬೇಕಾದರೆ ಪಟ್ಟದಕಲ್ಲಿನಲ್ಲಿ ನಿಂತರೆ ಸಾಲದು, ಕಂಚಿಗೇ ಹೋಗಬೇಕು. ಅಲ್ಲಿಯ ಕೈಲಾಸನಾಥ ದೇವಾಲಯದ ಕಂಬದ ಮೇಲೆ ಅವನ ಶಾಸನವೊಂದು ಕನ್ನಡದಲ್ಲಿದೆ. ದೇವರ ಐಶ್ವರ್ಯವನ್ನು ನೋಡಿ, ಅದನ್ನು ಒಯ್ಯದೆ ದೇವರಿಗೇ ಬಿಟ್ಟುಕೊಟ್ಟನೆಂಬುದು ಅದರ ತಾತ್ಪರ್ಯ. ಬಾದಾಮಿಯಲ್ಲಿ ಪಲ್ಲವರ ಬರಹ, ಕಂಚಿಯಲ್ಲಿ ಕನ್ನಡದ ಬರಹ. ಒಂದನ್ನು ನೋಡಿದವನಿಗೆ ಇನ್ನೊಂದನ್ನು ನೋಡುವ ತವಕ ತಾನಾಗಿ ಹುಟ್ಟುವದು. ಎರಡು ಪ್ರಾಂತಗಳ ಬಾಲಕರು ಪರಸ್ಪರರ ಊರಿಗೆ ಹೋಗಿ ತಮ್ಮವರ ಅಕ್ಷರಗಳನ್ನು ಕಾಣಲು ಇದಕ್ಕಿಂತ ಒಳ್ಳೆಯ ನೆಪ ದೊರೆಯದು.

ಆಲೂರ ವೆಂಕಟರಾಯರ ‘ಕರ್ನಾಟಕ ಗತವೈಭವ’ವು ೧೯೧೭ರಲ್ಲಿ ಹೊರಬಿದ್ದಾಗ ಕನ್ನಡಿಗರಲ್ಲಿ ಅನೇಕರಿಗೆ ಈ ಅರಸರ ಹೆಸರುಗಳೇ ಹೊಸವಾಗಿದ್ದವು. ೧೯೫೬ರ ನವೆಂಬರ ೧ರಂದು ನಾಡು ಒಂದಾಯಿತು; ಹೆಸರುಗಳು ಈಗ ಬೀದಿಗಳಿಗೂ ವೃತ್ತಗಳಿಗೂ ಸಂದಿವೆ. ಹೆಸರಿನಿಂದ ಗುಡ್ಡಕ್ಕೆ ನಡೆದು ಹೋಗುವ ಕೆಲಸ ಮಾತ್ರ ಹಾಗೆಯೇ ಉಳಿದಿದೆ.

ಆದುದರಿಂದ ಶಾಲೆಗಳವರಲ್ಲಿ ನಮ್ಮ ಬಿನ್ನಹವಿಷ್ಟು: ಒಂದು ಪ್ರವಾಸಕ್ಕೆ ಒಂದೇ ಸ್ಥಳವನ್ನು ಆರಿಸಿಕೊಳ್ಳಿರಿ. ಶಾಸನದ ಮುದ್ರಿತ ಪಾಠವನ್ನು ಮೊದಲೇ ಬರೆದುಕೊಂಡು ಹೋಗಿ, ಕಲ್ಲಿನ ಮುಂದೆ ಅಕ್ಷರಕ್ಕೆ ಅಕ್ಷರ ಕೂಡಿಸಿ ಓದಿಸಿರಿ. ಬಾದಾಮಿಗೆ ಹೋದವರು ಕಪ್ಪೆ ಅರಭಟ್ಟನ ತ್ರಿಪದಿಗಳನ್ನು ಆ ಬಂಡೆಯ ಬುಡದಲ್ಲಿಯೇ ಹಾಡಿಸಲಿ. ಅಕ್ಷರ ಎದ್ದು ಕಾಣಲೆಂದು ಸೀಮೆಸುಣ್ಣ ತಿಕ್ಕುವ ಚಟವನ್ನು ಯಾರೂ ಮಾಡಕೂಡದು. ಬೆಳಗಿನ ಓರೆಬಿಸಿಲೇ ಸಾಕು. ದೂರದ ಪ್ರವಾಸಕ್ಕೆ ಹಣದ ಅನುಕೂಲವಿಲ್ಲದವರು ತಮ್ಮೂರ ಹನುಮಂತದೇವರ ಗುಡಿಯ ಹಿಂದೆ ಬಿದ್ದಿರುವ ವೀರಗಲ್ಲಿನಿಂದಲೇ ಆರಂಭಿಸಬಹುದು. ಅದರ ಮೇಲೆ ಅರಿವೆ ಒಗೆಯುವವರಿಗೆ ಬೇರೊಂದು ಕಲ್ಲನ್ನು ಮೊದಲು ಒದಗಿಸಿಕೊಟ್ಟರಾಯಿತು.